ಕಳೆದವರನ್ನು ಹುಡುಕುತ್ತಿದ್ದ ಇಂಗ್ಲಿಷ್ ಸರ್

ಸರ್ ತೀರಿಕೊಂಡರೆಂದು ಫೋನು ಬಂದಾಗ ನಾನು ಹಿಟ್ನಾಳ ದಾಟಿದ ಬಸ್ಸಿನಲ್ಲಿದ್ದೆ. ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಎಂದರು. ಕೊಪ್ಪಳದಲ್ಲಿ ಇಳಿದು ಅವರ ಓಣಿ ಸೇರುವಷ್ಟರಲ್ಲಿ ಮನೆಯ ಮುಂದೆ ಮಂದಿ ತುಂಬಿತ್ತು. ಬಂಧುಗಳು, ನೆರೆಯವರು, ಹಳೆಯ ವಿದ್ಯಾರ್ಥಿಗಳು ಯಾರೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ತಿಳಿಯದವರೂ ಬಹಳ ಜನ ಇದ್ದರು. ಯಲಬುರ್ಗಾ ಕಡೆಯ ದೊಡ್ಡ ರುಮಾಲಿನ ಮುದುಕನೊಬ್ಬ ಇದ್ದ. ಗಂಗಾವತಿಯ ಕಾಲುವೆ ಭಾಗದಿಂದ ಬಂದು ತಮ್ಮೊಳಗೆ ತೆಲುಗಿನಲ್ಲಿ ಪಿಸುಗುಡುತ್ತಿದ್ದ ಗಂಡಹೆಂಡತಿ ಇದ್ದರು. ಒಬ್ಬರ ಗುರುತು ಒಬ್ಬರಿಗಿಲ್ಲ. ಎದುರುಮನೆಯ ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ರುಮಾಲಿನ ಮುದುಕ ಪಕ್ಕದವನನ್ನು ಮೆಲ್ಲಗೆ ಕೇಳಿದ.

“ನಿಮ್ಮವರು ಯಾರು ಕಳದಿದ್ರು?”

“ನಮ್ಮ ತಮ್ಮ. ನಿಮ್ಮವರು?”

“ಮೊಮ್ಮಗ.”

ಅಷ್ಟೇ ಮಾತು. ಸಿಕ್ಕನೋ ಇಲ್ಲವೋ ಎಂದು ಅವರು ಪರಸ್ಪರ ಕೇಳಲಿಲ್ಲ. ನಾನು ಒಳಗೆ ಹೋಗಿ ಸರ್ ಅವರ ಹೆಂಡತಿಯ ಹತ್ತಿರ ಕೂತೆ.

ಅಳವಂಡಿಯ ಆಚೆ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರೂ ಕೊಪ್ಪಳದಿಂದ ಒಂದೇ ಬಸ್ಸಿಗೆ ಹೋಗಿಬರುತ್ತಿದ್ದೆವು. ಎತ್ತರದ ಒಣಕಲು ಮೈ, ತೋಳು ಮಡಚದ ಬಿಳಿ ಅಂಗಿ, ಎಣ್ಣೆ ಕಾಣದ ಬೂದುಗೂದಲು. ಹತ್ತಿ ಹಿಂಜುವ ಮನೆತನದವರು. ಮನೆಯ ಮಾತೂ ಕನ್ನಡವೇ. ಅವರಲ್ಲಿ ನಾನು ಮೊದಲು ಗಮನಿಸಿದ್ದು ಒಂದು ರೂಢಿಯನ್ನು. ಯಾರಿಗಾದರೂ ಪ್ರಶ್ನೆ ಕೇಳಿದ ಮೇಲೆ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ. ನೆಲ ನೋಡುತ್ತ ಕಾಯುತ್ತಿದ್ದರು. ಉತ್ತರ ಗೊತ್ತಿಲ್ಲದ ಹುಡುಗನಿಗೂ ಅದರಿಂದ ಉಸಿರಾಡಲು ಜಾಗ ಸಿಗುತ್ತಿತ್ತು. ಮುಖ ನೋಡಿದರೆ ಮನುಷ್ಯ ಉತ್ತರ ಹೇಳುವುದನ್ನು ಬಿಟ್ಟು ಮುಖ ಕಾಯತೊಡಗುತ್ತಾನೆ ಎನ್ನುವುದು ಅವರ ಅಭಿಪ್ರಾಯ.

ಒಮ್ಮೆ ಹೊಸಪೇಟೆಯಲ್ಲಿ ರೈಲಿಗೆ ಕಾಯುವಾಗ ಹಳೆಯ ಪುಸ್ತಕಗಳ ಗಾಡಿಯಲ್ಲಿ ಅವರಿಗೊಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತ್ತು. ರಕ್ಷಾಪುಟದ ಮೇಲೆ ಕುದುರೆ, ಟೊಪ್ಪಿಗೆ, ಕೈಯಲ್ಲಿ ಬಂದೂಕು. ಅಂಥ ಪುಸ್ತಕವನ್ನು ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ. ಸರ್ ಅದನ್ನು ಓದಿ ಮುಗಿಸಿ, ಮತ್ತೆ ಓದಿ, ಕೊನೆಗೆ ಕನ್ನಡಕ್ಕೆ ತರಲು ಕೂತರು. ಕಥೆ ಇಷ್ಟು. ಅಮೆರಿಕದ ಪಶ್ಚಿಮದ ಬಯಲಿನಲ್ಲಿ ಗಾಡಿ ಕಟ್ಟಿಕೊಂಡು ಹೊಸ ನೆಲ ಹುಡುಕಿ ಹೊರಟ ಜನ ಧೂಳಿನ ಬಿರುಗಾಳಿಗೆ ಸಿಕ್ಕು ಚದುರಿಹೋಗುತ್ತಾರೆ. ಒಬ್ಬ ಹೆಣ್ಣುಮಗಳ ಸಣ್ಣ ಮಗ ಕಾಣೆಯಾಗುತ್ತಾನೆ. ಅವಳ ತಮ್ಮ ಕಮ್ಮಾರ. ಕುಲುಮೆ ಆರಿಸಿ ಕುದುರೆ ಹತ್ತಿ ಹುಡುಕಲು ಹೊರಡುತ್ತಾನೆ. ಊರೂರು, ಕಣಿವೆ ಕಣಿವೆ, ವರ್ಷ ವರ್ಷ.

ಬಸ್ಸಿನಲ್ಲಿ ನಮ್ಮ ಮಾತೆಲ್ಲ ಈ ಕಾದಂಬರಿಯದೇ. ಇಂಗ್ಲಿಷಿನವನು ‘ಅಂಕಲ್’ ಎಂದು ಬರೆದದ್ದು ಅವರಿಗೆ ಸಿಟ್ಟು ತರಿಸಿತ್ತು.

“ಅಕ್ಕನ ಮಗನ್ನ ಹುಡುಕಾಕ ಹೋದಾಂವ ಅಂಕಲ್ ಹೆಂಗ ಆಗ್ತಾನ್ರಿ ಟೀಚರ್? ಅಂವ ಸೋದರಮಾವ. ಅದೊಂದ ಶಬ್ದಕ್ಕ ಅರ್ಧ ಕಥಿ ತಿಳೀತೈತಿ ನಮ್ಮ ಮಂದಿಗೆ.”

‘ಪ್ರೇರಿ’ಗೆ ಏನು ಬರೆಯಬೇಕೆಂದು ಕೇಳಿದಾಗ ನಾನು ನಿಘಂಟಿನ ಹುಲ್ಲುಗಾವಲು ಕೊಟ್ಟೆ. ಅವರು ಒಪ್ಪಲಿಲ್ಲ. ಹುಲ್ಲುಗಾವಲು ಎಂದರೆ ಓದುವವನಿಗೆ ದನ ಕಾಣುತ್ತವೆ, ದೂರ ಕಾಣುವುದಿಲ್ಲ ಎಂದರು. ಮುಂದಿನ ವಾರ ಯಾವುದೋ ಮದುವೆಗೆ ಯಲಬುರ್ಗಾಕ್ಕೆ ಹೋಗಿ ಬಂದವರೇ ಸಮಸ್ಯೆ ತೀರಿತು ಎಂದು ಸಾರಿದರು. ‘ಎರೆ ಬಯಲು’. ಗಿಡವಿಲ್ಲ, ಗುಡ್ಡವಿಲ್ಲ, ಈ ಊರಿನ ಅಂಚಿಗೆ ನಿಂತರೆ ಆ ಊರಿನ ದೀಪ ಕಾಣುವ ಕಪ್ಪು ನೆಲ. ನಡೆದವನು ಮಾತ್ರ ಎಷ್ಟು ಹೊತ್ತು ನಡೆದರೂ ಮುಟ್ಟುವುದಿಲ್ಲ. ಹಾಗೆಯೇ ಕಣಿವೆಗಳಿಗೆ ಕೊಳ್ಳ ಬಂತು. ಶೆರಿಫನಿಗೆ ಬಹಳ ಚರ್ಚೆಯಾಗಿ ಫೌಜದಾರ ಬಂದ. ಗಂಗಾವತಿ ರಸ್ತೆಯಲ್ಲಿ ಬಂಡೆ ಮೇಲೆ ಬಂಡೆ ಕೂತ ಗುಡ್ಡಗಳು ಕಂಡರೆ, “ನಾಕನೇ ಅಧ್ಯಾಯ ಬಂತ ನೋಡ್ರಿ” ಎನ್ನುತ್ತಿದ್ದರು.

ಕಾದಂಬರಿಯಲ್ಲಿ ಗುಂಡಿನ ಕಾಳಗಗಳಿಗೇನೂ ಬರವಿರಲಿಲ್ಲ. ಅವನ್ನು ಅವರು ಬೇಗಬೇಗ ಅನುವಾದಿಸಿ ಮುಗಿಸುತ್ತಿದ್ದರು. ಅವರ ಮನಸ್ಸು ನಿಂತದ್ದು ಬೇರೆ ಕಡೆ. ಆ ಸೋದರಮಾವ ಯಾವ ಊರಿಗೆ ಹೋದರೂ ಮೊದಲು ಕುದುರೆಗೆ ನೀರು ಕುಡಿಸುತ್ತಾನೆ. ಆಮೇಲೆ ಯಾರದಾದರೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾನೆ. ಎದುರಿನವನು ತಾನಾಗಿ ಬಾಯಿ ಬಿಡುವವರೆಗೆ ಏನೂ ಕೇಳುವುದಿಲ್ಲ.

“ಹುಡುಕೋದು ಅಂದ್ರ ಓಡಾಡೋದು ಅಂತ ತಿಳಕೊಂಡಾರ ಮಂದಿ,” ಎಂದು ಸರ್ ಹೇಳುತ್ತಿದ್ದರು. “ಹುಡುಕೋದು ಅಂದ್ರ ಕುಂಡ್ರೋದ್ರಿ.”

ಇದನ್ನು ಅವರು ಪುಸ್ತಕದಿಂದ ಕಲಿತರೋ, ತಮಗೆ ಮೊದಲೇ ಗೊತ್ತಿದ್ದದ್ದನ್ನು ಪುಸ್ತಕದಲ್ಲಿ ಕಂಡರೋ ನನಗೆ ತಿಳಿಯದು. ನಾನು ಆ ಶಾಲೆಗೆ ಬರುವ ಮೊದಲೇ ಅವರು ಕಳೆದವರನ್ನು ಹುಡುಕಲು ಹೋಗುತ್ತಿದ್ದರು. ನಮ್ಮ ಶಾಲೆಯ ಅಡುಗೆಯ ಹೆಣ್ಣುಮಗಳ ಗಂಡ ಭತ್ತದ ಕೊಯ್ಲಿಗೆಂದು ಗಂಗಾವತಿ ಕಡೆ ಹೋದವನು ಸುದ್ದಿಯಿಲ್ಲದಂತಾದಾಗ ಅವಳನ್ನು ಮೊದಲು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದವರು ಅವರು. ದೂರು ಬರೆಸದೆ ಹುಡುಕಲು ಹೊರಡುವುದನ್ನು ಅವರು ಒಪ್ಪುತ್ತಿರಲಿಲ್ಲ. ನಂತರ ರಜೆಯ ದಿನ ಹೋಗಿ, ಕೂಲಿಯವರು ಚಹಾ ಕುಡಿಯುವ ಜಾಗದಲ್ಲಿ ಮುಂಜಾನೆಯಿಂದ ಕೂತು, ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿರುವುದನ್ನು ಪತ್ತೆ ಮಾಡಿ ಬಂದರು. ಅಂಥ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಯಾರದೋ ಅಜ್ಜ, ಯಾರದೋ ಸೊಸೆ. ಅಳವಂಡಿ ಬಸ್ ನಿಲ್ದಾಣದಲ್ಲಿ ಯಾರೋ ಕೈಯಲ್ಲಿ ಫೋಟೋ ಹಿಡಿದು ಅವರಿಗಾಗಿ ನಿಂತಿರುವುದು ನಮಗೆ ರೂಢಿಯಾಯಿತು.

ಎಲ್ಲರೂ ಸಿಗುತ್ತಿರಲಿಲ್ಲ. ಕುಷ್ಟಗಿಯ ಒಬ್ಬ ತಾಯಿಯ ಮಗ ಕೊನೆಗೂ ಸಿಗಲಿಲ್ಲ. ಸರ್ ಹಬ್ಬಕ್ಕೊಮ್ಮೆ ಆಕೆಯ ಮನೆಗೆ ಹೋಗಿ ಕೂತು ಬರುತ್ತಿದ್ದರು. ಹೋಗಿ ಏನು ಮಾತಾಡುತ್ತೀರಿ ಎಂದು ಕೇಳಿದ್ದೆ. ಹೊಲದ ಮಾತು, ಮಳೆಯ ಮಾತು ಎಂದರು. ಸಿಗಲಿಲ್ಲ ಎಂದು ಹೇಳಿ ಬರುವುದನ್ನು ನಿಲ್ಲಿಸಿದರೆ ಆಕೆಗೆ ಮಗ ಎರಡನೇ ಸಲ ಹೋದಂತಾಗುತ್ತದೆ ಎಂದರು.

ಯಲಬುರ್ಗಾ ತಾಲ್ಲೂಕಿನ ಒಬ್ಬ ಮದುವೆಯಾದ ಹುಡುಗಿಯ ಪ್ರಸಂಗ ಮಾತ್ರ ಅವರನ್ನು ಬಹಳ ಹಣ್ಣು ಮಾಡಿತು. ಗಂಡನ ಮನೆಯಿಂದ ಕಾಣೆಯಾಗಿದ್ದಳು. ತಾಯಿ ಬಂದು ಸರ್ ಮುಂದೆ ಅತ್ತಳು. ಅವರು ಹುಡುಗಿಯನ್ನು ಗಂಗಾವತಿ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಕಂಡರು. ಅಲ್ಲಿ ದುಡಿದು, ಒಬ್ಬ ವಿಧವೆಯ ಜೊತೆ ಕೋಣೆ ಮಾಡಿಕೊಂಡು ಇದ್ದಳು. ಮೈಮೇಲಿನ ಹಳೆಯ ಗಾಯದ ಗುರುತುಗಳನ್ನು ಆಕೆಯೇ ತೋರಿಸಿ, ತಾನಿರುವ ಜಾಗ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಳು. ಸರ್ ಅವಳನ್ನು ಠಾಣೆಗೆ ಕರೆದೊಯ್ದು, ತನ್ನ ಇಷ್ಟದಿಂದಲೇ ಬಂದಿರುವೆನೆಂದು ಅವಳ ಬಾಯಿಂದಲೇ ಹೇಳಿಸಿದರು. ತಾಯಿಗೆ ಬಂದು ಹೇಳಿದ್ದು ಇಷ್ಟೇ: ಮಗಳು ಜೀವಂತ ಇದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಮನಸ್ಸಾದಾಗ ತಾನೇ ಫೋನು ಮಾಡುತ್ತಾಳೆ.

ಹುಡುಗಿಯ ಅಣ್ಣಂದಿರು ಶಾಲೆಗೇ ಬಂದರು. ಎಲ್ಲಿದ್ದಾಳೆ ಹೇಳು ಎಂದು ಸರ್ ಅವರ ಅಂಗಿಯ ಕೊರಳಪಟ್ಟಿ ಹಿಡಿದರು. ನಾವೆಲ್ಲ ನಡುವೆ ಹೋಗುವ ಮೊದಲೇ ಗುಂಡಿಗಳು ಕಿತ್ತು ಬಿದ್ದಿದ್ದವು. ಸರ್ ದನಿ ಏರಿಸಲಿಲ್ಲ.

“ಹುಡುಕ್ರಿ ಅಂದ್ರಿ, ಹುಡುಕೀನಿ. ಹಿಡಕೊಂಡ ಬರ್ತೀನಿ ಅಂತ ನಾ ಯಾವತ್ತೂ ಅಂದಿಲ್ಲ.”

ಅವರು ಬೈದು ಹೋದರು. ಸರ್ ಬಿದ್ದ ಗುಂಡಿಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು ಒಂಬತ್ತನೇ ಇಯತ್ತೆಗೆ ಪಾಠಕ್ಕೆ ಹೋದರು.

ಆಗಲೇ ಅವರ ಅನುವಾದ ನಿಂತದ್ದು. ಕೊನೆಯ ಅಧ್ಯಾಯ ಒಂದೇ ಉಳಿದಿತ್ತು. ಅದರಲ್ಲಿ ಸೋದರಮಾವನಿಗೆ ಹುಡುಗ ಸಿಗುತ್ತಾನೆ. ಗುಡ್ಡದ ಮೇಲಿನ ಕುರಿಗಾರರ ಮನೆಯಲ್ಲಿ ಮಗನಾಗಿ ಬೆಳೆದಿರುತ್ತಾನೆ. ಹೆತ್ತವಳ ಮುಖ ನೆನಪಿಲ್ಲ, ಬರುವುದಿಲ್ಲ ಎನ್ನುತ್ತಾನೆ. ಮಾವ ಅವನ ಕೈಕಾಲು ಕಟ್ಟಿ ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ಬಂದು ಅಕ್ಕನ ಬಾಗಿಲಲ್ಲಿ ಇಳಿಸುತ್ತಾನೆ. ಆಕೆ ಓಡಿ ಬರುತ್ತಾಳೆ. ಕಥೆ ಮುಗಿಯುತ್ತದೆ. ಸರ್‌ಗೆ ಇದು ನುಂಗಲಾರದ ತುತ್ತಾಯಿತು. ಕನ್ನಡದಲ್ಲಿ ಮಾವ ಒಬ್ಬನೇ ಹೊಳ್ಳಿ ಬರುವಂತೆ ಬದಲಿಸುತ್ತೇನೆ ಎಂದರು. ಬೇರೆಯವರ ಕಥೆಯ ಕೊನೆಯನ್ನು ಬದಲಿಸುವ ಹಕ್ಕು ಅನುವಾದಕನಿಗಿಲ್ಲ ಎಂದು ನಾನು ವಾದಿಸಿದೆ. ಕೈಕಾಲು ಕಟ್ಟುವ ಹಕ್ಕು ಮಾವನಿಗೆ ಯಾರು ಕೊಟ್ಟರು ಎಂದು ಅವರು ಕೇಳಿದರು. ಕೊಪ್ಪಳದಿಂದ ಅಳವಂಡಿಯವರೆಗೆ ಈ ಜಗಳ ಎಷ್ಟೋ ಸಲ ನಡೆಯಿತು. ಪುಟಗಳು ಹಾಗೆಯೇ ಉಳಿದವು. ಮುಂದೆ ಬಹಳ ಕಾಲದ ಮೇಲೆ ಅವರು ಆ ಅಧ್ಯಾಯವನ್ನು ಮುಗಿಸಿದರು, ಲೇಖಕ ಬರೆದಂತೆಯೇ. ಯಾಕೆ ಮನಸ್ಸು ಬದಲಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅದಕ್ಕೆ ಮೊದಲು, ನನ್ನ ಅವ್ವ ಕಳೆದುಹೋದ ದಿನ, ನಾನು ಅವರ ಜೊತೆಗೇ ಇದ್ದೆ.

ಅವ್ವ ನಮ್ಮ ಮನೆಯಲ್ಲೇ ಇದ್ದಳು. ಮರೆವು ಶುರುವಾಗಿ ಒಂದೆರಡು ವರ್ಷವಾಗಿತ್ತು. ಬೇಸಿಗೆ ರಜೆಯ ಒಂದು ಮುಂಜಾನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ. ಓಣಿ, ಗುಡಿ, ಸಂತೆ ಎಲ್ಲ ನೋಡಿದೆವು. ನನ್ನ ಯಜಮಾನರು ಅವ್ವನ ತಂಗಿಯ ಮನೆಯಿರುವ ಗಂಗಾವತಿಗೆ ಹೊರಟರು. ನಾನು ಸರ್‌ಗೆ ಫೋನು ಮಾಡಿದೆ. ಅವರು ಬಂದವರೇ ನನ್ನನ್ನು ಠಾಣೆಗೆ ಕರೆದೊಯ್ದು ದೂರು ಬರೆಸಿದರು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು, ನೆಲ ನೋಡುತ್ತ, ಈ ನಾಲ್ಕು ದಿನದಿಂದ ಅವ್ವ ಏನು ಮಾತಾಡುತ್ತಿದ್ದರು ಎಂದು ಕೇಳಿದರು.

ಹುಚ್ಚು ಮಾತು ಎಂದೆ. ಕಟ್ಟೆಯ ಮೇಲೆ ಕಾಳು ಹರವಿ ಬಂದಿದ್ದೇನೆ, ಮಳೆ ಬಂದರೆ ತೊಯ್ಯುತ್ತವೆ ಎಂದು ಹಲುಬುತ್ತಿದ್ದಳು. ನಮ್ಮ ಮನೆಗೆ ಕಟ್ಟೆಯೇ ಇಲ್ಲ.

“ಯಾವ ಕಟ್ಟಿ?”

ಹಾಗೆ ಕೇಳಿದಾಗಲೇ ನನಗೆ ಹೊಳೆದದ್ದು. ಅವ್ವನ ತವರಿನಲ್ಲಿ ಮನೆಯ ಮುಂದೆ ದೊಡ್ಡ ಕಟ್ಟೆ ಇತ್ತಂತೆ. ಆ ಊರು ಈಗ ಇಲ್ಲ. ಅವ್ವ ಲಂಗ ಉಡುವ ವಯಸ್ಸಿನಲ್ಲೇ ತುಂಗಭದ್ರೆಯ ಅಣೆಕಟ್ಟಿನ ನೀರು ಅದನ್ನು ನುಂಗಿತ್ತು.

“ಬ್ಯಾಸಿಗ್ಯಾಗ ನೀರ ಇಳದಿರ್ತೈತಿ. ನಡೀರಿ,” ಎಂದರು ಸರ್.

ಬಸ್ ನಿಲ್ದಾಣದಲ್ಲಿ ಅವರು ಅವಸರ ಮಾಡಲಿಲ್ಲ. ಚಹಾ ತರಿಸಿ, ಕಂಡಕ್ಟರುಗಳು ಕೂರುವ ಬೆಂಚಿನ ಮೇಲೆ ಕೂತರು. ನಾನು ಕೂರದೆ ಹೊರಡುವ ಬಸ್ಸುಗಳ ಬೋರ್ಡು ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮುನಿರಾಬಾದಿಗೆ ಹೋಗಿಬಂದ ಕಂಡಕ್ಟರ್ ಒಬ್ಬ ತಾನಾಗಿಯೇ ಮುಂಜಾನೆಯ ಮುದುಕಿಯೊಬ್ಬಳ ಕಥೆ ತೆಗೆದ. ಹೆಂಗಸರಿಗೆ ಬಿಟ್ಟಿ ಟಿಕೆಟ್ಟು, ಆಧಾರ್ ಕಾರ್ಡು ತೋರಿಸವ್ವಾ ಎಂದರೆ ಆಕೆ ಎಲೆ ಅಡಿಕೆಯ ಸಂಚಿ ಬಿಚ್ಚಿ ಅವನ ಕೈಗೇ ಅಡಿಕೆ ಹೋಳು ಇಟ್ಟಳಂತೆ. ಎಲೆ ಅಡಿಕೆಯ ಸಂಚಿ ಬಿಟ್ಟಿರದವಳು, ಅದು ನನ್ನ ಅವ್ವನೇ.

ಮುನಿರಾಬಾದಿನ ಬಸ್ಸಿನಲ್ಲಿ ನಾನು ಅತ್ತೆ. ನನ್ನ ಅಳು ನಿಲ್ಲಿಸುವುದಕ್ಕೋ ಏನೋ, ಸರ್ ಅದುವರೆಗೆ ಶಾಲೆಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಹೇಳಿದರು. ಅವರಿಗೊಬ್ಬ ಅಣ್ಣ ಇದ್ದ. ಸುಗ್ಗಿ ಮುಗಿದ ಮೇಲೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಗಾದಿ ಹಿಂಜುತ್ತ ತಿರುಗುತ್ತಿದ್ದ. ಒಂದು ವರ್ಷ ಹೋದವನು ಬರಲಿಲ್ಲ. ಜಗಳವಿಲ್ಲ, ಬೇಸರವಿಲ್ಲ, ಯಾವ ಊರಿನಲ್ಲೂ ಸುಳಿವಿಲ್ಲ. ಸರ್ ಆಗ ಹೈಸ್ಕೂಲಿನಲ್ಲಿದ್ದರು. ತಂದೆಯ ಜೊತೆ ತಿರುಗಿ ತಿರುಗಿ ಒಂದು ವರ್ಷದ ಓದು ಹೋಯಿತು.

“ನಮ್ಮಪ್ಪ ಹೊಕ್ಕ ಊರಾಗೆಲ್ಲ ಗಡಿಬಿಡಿಲೆ ಕೇಳಿ ಮುಂದಕ್ಕ ಹೋಗಿಬಿಡ್ತಿದ್ದ. ಕುಂತ ಕೇಳಿದ್ರ ಯಾರರ ಹೇಳ್ತಿದ್ರೇನೋ ಅಂತ ನನಗ ಇನ್ನೂ ಅನಸ್ತೈತ್ರಿ.”

ಮುನಿರಾಬಾದಿನಿಂದ ಆಟೋ ಹಿಡಿದು ಹಿನ್ನೀರಿನ ದಂಡೆಗುಂಟ ಹೋದೆವು. ನೀರು ಬಹಳ ಹಿಂದೆ ಸರಿದಿತ್ತು. ಒಣಗಿ ಬಿರಿದ ಕೆಸರಿನ ದೊಡ್ಡ ಬಯಲು, ಅಲ್ಲಲ್ಲಿ ಮನೆಗಳ ಅಡಿಪಾಯದ ಕಲ್ಲು. ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ನಮ್ಮನ್ನು ನೋಡಿ, ಕೇಳುವ ಮೊದಲೇ ಕೈ ತೋರಿಸಿದ. ತಾನು ನೀರು ಕುಡಿಸಿದ್ದೇನೆ, ಆದರೆ ಅಜ್ಜಿ ಏಳಲು ಒಲ್ಲಳು ಎಂದ.

ಅವ್ವ ಒಂದು ಮುರುಕು ಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಣಗಿದ ಬಸವನ ಹುಳುವಿನ ಚಿಪ್ಪುಗಳನ್ನು ಆರಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಓಡಿಹೋಗಿ ಕೈ ಹಿಡಿದು ಎಬ್ಬಿಸಲು ನೋಡಿದೆ. ಅವಳು ಕೈ ಕಿತ್ತುಕೊಂಡಳು.

“ಯಾರವಾ ನೀನು? ಕಾಳು ಬಳಕೊಳ್ಳೋಮಟ ಬರಂಗಿಲ್ಲ ನಾ.”

ತಾನೂ ಸರ್ ಅವರೂ ಸೇರಿದರೆ ಅವ್ವನನ್ನು ಆಟೋದವರೆಗೆ ಎತ್ತಿಕೊಂಡು ಹೋಗಬಹುದು ಎಂದ ಮೀನುಗಾರ. ಆ ಗಳಿಗೆಯಲ್ಲಿ ನನಗೂ ಅದೇ ಸರಿ ಅನ್ನಿಸಿತು. ಬಿಸಿಲು ಹಾಗಿತ್ತು. ಸರ್ ತಲೆಯಾಡಿಸಿ ಬೇಡವೆಂದರು. ಕಟ್ಟೆಯ ಇನ್ನೊಂದು ಬದಿಗೆ ಕೂತು ತಾವೂ ಚಿಪ್ಪು ಆರಿಸತೊಡಗಿದರು. ಆರಿಸಿ ಆರಿಸಿ ಅವ್ವನ ಉಡಿಗೆ ಹಾಕಿದರು. ಇದು ಯಾರ ಮನೆ, ಅದು ಯಾರ ಮನೆ ಎಂದು ನಡುನಡುವೆ ಕೇಳಿದರು. ಅವ್ವ ಹೇಳುತ್ತ ಹೋದಳು. ಬಾವಿಯ ನೀರು ಸಪ್ಪೆ ಎಂದಳು. ಎದುರುಮನೆಯ ಎಮ್ಮೆ ಹಾಯುತ್ತದೆ, ಹುಷಾರು ಎಂದಳು. ಊರು ಮುಳುಗಿದ ಮಾತನ್ನು ಮಾತ್ರ ಅವಳು ಎತ್ತಲಿಲ್ಲ, ಸರ್ ಕೂಡ ಎತ್ತಲಿಲ್ಲ. ನಾನು ನನ್ನ ಸೆರಗನ್ನು ಅವ್ವನ ತಲೆಗೆ ನೆರಳಾಗಿ ಹಿಡಿದು ನಿಂತೆ. ನನ್ನ ತಾಯಿಯ ಬಾಲ್ಯವನ್ನು ನಾನು ಕೇಳಿದ್ದು ಅದೇ ಮೊದಲು.

ಹೊತ್ತು ಇಳಿಯಿತು. ಉಡಿ ತುಂಬಿತು. ಅವ್ವ ತಲೆಯೆತ್ತಿ ಸರ್ ಮುಖವನ್ನು ದಿಟ್ಟಿಸಿದಳು.

“ನೀ ಯಾರ ಮಗಪಾ? ಆಗಿನಿಂದ ಇಲ್ಲೇ ಕುಂತಿ. ನಿಮ್ಮವ್ವ ಹಾದಿ ನೋಡಂಗಿಲ್ಲೇನು?”

ಸರ್ ಕೈಯಲ್ಲಿದ್ದ ಚಿಪ್ಪನ್ನು ಅವಳ ಉಡಿಗೆ ಹಾಕಿದರು.

“ನೋಡ್ತಾಳ್ರಿ,” ಎಂದರು.

“ಹಂಗಾರ ಏಳು. ಹಾದಿ ತಪ್ಪಿದ್ರ ಹಿಂಗ ಕುಂಡ್ರಬಾರದು, ಯಾರನ್ನರ ಕೇಳಬೇಕು. ನಾ ಬಿಟ್ಟ ಬರ್ತೀನಿ ನಡಿ.”

ಅವಳೇ ಎದ್ದಳು. ಸರ್ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಿರಿದ ಕೆಸರಿನ ಮೇಲೆ ಹೆಜ್ಜೆಯಿಡುತ್ತ ಮುಂದೆ ನಡೆದಳು. ಐವತ್ತು ದಾಟಿದ ಆ ಎತ್ತರದ ಮನುಷ್ಯ ಬಾಗಿಕೊಂಡು ಅವಳ ಹಿಂದೆ ನಡೆದರು. ನಾನು ಅವರಿಬ್ಬರ ಹಿಂದೆ.

ಆಟೋದಲ್ಲೂ ಬಸ್ಸಿನಲ್ಲೂ ಅವಳು ಹಿಡಿತ ಸಡಿಲಿಸಲಿಲ್ಲ. ನಾನು ಯಜಮಾನರಿಗೆ ಫೋನು ಮಾಡಿ ಅವ್ವ ಸಿಕ್ಕಳೆಂದು ಹೇಳುವಾಗ, ಸಿಕ್ಕವನು ಈ ಹುಡುಗ ಎಂದು ತಿದ್ದಿದಳು. ಕೊಪ್ಪಳದಲ್ಲಿ ಇಳಿದ ಮೇಲೆ ನಮ್ಮ ಮನೆಯ ಕಡೆ ತಿರುಗಲು ಒಪ್ಪಲಿಲ್ಲ. ಮೊದಲು ಇವನನ್ನು ಇವನ ಮನೆಗೆ ಮುಟ್ಟಿಸಬೇಕು ಎಂದಳು. ಸರ್ ದಾರಿ ತೋರಿಸಿದರು.

ಅವರ ತಾಯಿ ಆಗ ಇನ್ನೂ ಇದ್ದರು. ಕಣ್ಣು ಪೂರ್ತಿ ಹೋಗಿತ್ತು. ನಡುಮನೆಯ ಮಂಚದ ಮೇಲೆ ಮಲಗಿದ್ದರು. ಅವ್ವ ಹೊಸ್ತಿಲು ದಾಟಿ ನೇರ ಅಲ್ಲಿಗೇ ಹೋಗಿ ನಿಂತಳು.

“ತಗೋವಾ, ನಿನ್ನ ಮಗನ್ನ ಕರ್ಕೊಂಡ ಬಂದೀನಿ. ಬೈಬ್ಯಾಡ, ಹಾದಿ ತಪ್ಪಿದ್ದ.”

ಮುದುಕಿ ಮೊಣಕೈ ಊರಿ ಮೇಲೆದ್ದರು. ಕಾಣದ ಕಣ್ಣುಗಳು ಬಾಗಿಲ ಕಡೆ ತಿರುಗಿದವು.

“ಯಾರು? ದೊಡ್ಡಾಂವ ಏನು?”

ಒಲೆಯ ಹತ್ತಿರ ನಿಂತಿದ್ದ ಸರ್ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸರ್ ಹೌದು ಎಂದುಬಿಡಬಹುದಿತ್ತು. ಅವರು ಹಾಗೆ ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸರ್ ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿದರು.

“ಅಲ್ಲಮ್ಮಾ. ನಾನು. ಸಣ್ಣಾಂವ.”

ತಾಯಿಯ ಕೈ ಗಾಳಿಯಲ್ಲಿ ತಡಕಾಡಿ ಅವರ ತಲೆ ಮುಟ್ಟಿತು. ಕೂದಲು, ಹಣೆ, ಕೆನ್ನೆ ಎಲ್ಲವನ್ನೂ ಸವರಿ ನೋಡಿತು.

“ಆತು,” ಎಂದರು ತಾಯಿ. “ನೀನರ ಬಂದಿ.”

ಆಗ ನನ್ನ ಅವ್ವ ಸರ್ ಅವರ ಕೈ ಬಿಟ್ಟಳು.